ಚಿಯಾಂಗ್ ಮಾಯ್ ಪ್ರಾಂತ್ಯದ ನಕ್ಷೆ ಓದುವುದು ಹೇಗೆ

ಥಾಯ್ಲೆಂಡಿಗೆ ಹೋಗುವವರು ಚಿಯಾಂಗ್ ಮಾಯ್ ಅಂದ ಕೂಡಲೇ ಕಂದಕದ ಒಳಗಿನ ಹಳೆಯ ಊರನ್ನಷ್ಟೇ ನೆನೆಸಿಕೊಳ್ಳುತ್ತಾರೆ. ದೊರೆ ಮಂಗ್ರಾಯ್ 1296ರಲ್ಲಿ ಕಟ್ಟಿದ ಊರು ಅದು, ಚೆನ್ನಾಗಿಯೂ ಇದೆ. ಆದರೆ ಅದೇ ಹೆಸರಿನ ಪ್ರಾಂತ್ಯ 20,000 ಚದರ ಕಿಲೋಮೀಟರಿಗೂ ಜಾಸ್ತಿ ಹರಡಿದೆ, ಬಹುಪಾಲು ಬೆಟ್ಟ ಮತ್ತು ಕಾಡು, ಉತ್ತರಕ್ಕೆ ಮ್ಯಾನ್ಮಾರ್ ಗಡಿ. ಊರು ಬೇರೆ, ಪ್ರಾಂತ್ಯ ಬೇರೆ. ಇದು ಗೊತ್ತಿಲ್ಲದೆ ಪ್ಲಾನ್ ಮಾಡಿದರೆ ದಿನವೆಲ್ಲ ಗಾಡಿಯಲ್ಲೇ ಕಳೆಯುತ್ತದೆ.

ನಕ್ಷೆ ತೆರೆದರೆ ಮೊದಲು ಪಿಂಗ್ ನದಿಯನ್ನು ಹುಡುಕಿ. ಚಿಯಾಂಗ್ ದಾವ್ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಊರಿನ ಪಕ್ಕದಲ್ಲೇ ಹಾದು, ದಕ್ಷಿಣಕ್ಕೆ ಹೋಗಿ ಕೊನೆಗೆ ಚಾವೊ ಫ್ರಾಯಾ ನದಿಗೆ ನೀರು ಕೊಡುವ ನದಿ ಇದು. ಗದ್ದೆ, ಜನ, ದೊಡ್ಡ ರಸ್ತೆ ಎಲ್ಲ ಹೆಚ್ಚಾಗಿ ಇದರ ಕಣಿವೆಯಲ್ಲೇ ಇವೆ. ಉತ್ತರಕ್ಕೆ 107ನೇ ಹೆದ್ದಾರಿ ಹಿಡಿದರೆ ಮೇ ರಿಮ್, ಮೇ ತೇಂಗ್, ಚಿಯಾಂಗ್ ದಾವ್, ಆಮೇಲೆ ಫಾಂಗ್. ದಕ್ಷಿಣಕ್ಕೆ 108 ಹಿಡಿದರೆ ಹಾಂಗ್ ದೋಂಗ್ ದಾಟಿ ಚೋಮ್ ಥೋಂಗ್. ದೇಶದ ಅತಿ ಎತ್ತರದ ಶಿಖರ ದೋಯ್ ಇಂಥನೋನ್, 2,565 ಮೀಟರ್, ಹತ್ತಲು ದಾರಿ ಇಲ್ಲಿಂದಲೇ. ನನಗೆ ತುಂಬ ಇಷ್ಟವಾದ ಸಂಗತಿ ಅಂದ್ರೆ ಫಾಂಗ್ ಕಡೆಯ ನೀರು ಪಿಂಗ್‌ಗೆ ಬರುವುದೇ ಇಲ್ಲ, ಕೋಕ್ ನದಿ ಸೇರಿ ಮೆಕಾಂಗ್‌ಗೆ ಹೋಗುತ್ತದೆ. ಒಂದೇ ಪ್ರಾಂತ್ಯದ ಮಳೆ ಎರಡು ದಿಕ್ಕಿಗೆ!

ಇನ್ನು ವಿಳಾಸ. ನಮ್ಮಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಹಳ್ಳಿ ಇದ್ದ ಹಾಗೆ ಅಲ್ಲಿ ಚಂಗ್ವತ್, ಅಂಫೋ, ತಂಬೋನ್, ಮೂಬಾನ್. ಇಂಗ್ಲಿಷ್ ನಕ್ಷೆಯಲ್ಲಿ ಡಿಸ್ಟ್ರಿಕ್ಟ್ ಅಂತ ಕಂಡರೆ ಅದು ಅಂಫೋ, ನಮ್ಮ ಜಿಲ್ಲೆಯಷ್ಟು ದೊಡ್ಡದು ಅಂದುಕೊಳ್ಳಬೇಡಿ. ಈ ಪ್ರಾಂತ್ಯದಲ್ಲಿ ಅಂಥವು 25 ಇವೆ. ಕೊನೆಯದು, ಗಲ್ಯಾಣಿ ವಧನಾ, ಮೇ ಚೇಮ್‌ನಿಂದ ಬೇರೆಯಾಗಿ 2009ರಲ್ಲಿ ಆದದ್ದು. ರೂಮ್ ಬುಕ್ ಮಾಡುವಾಗ ವಿಳಾಸದಲ್ಲಿ ಮುಯಾಂಗ್ ಅಂಫೋ ಇದೆಯಾ ನೋಡಿ, ಹಳೆಯ ಊರು ಇರುವುದು ಅದರಲ್ಲೇ. ಬರೀ ಪ್ರಾಂತ್ಯದ ಹೆಸರು ನೋಡಿ ದುಡ್ಡು ಕಟ್ಟಬೇಡಿ, ಫಾಂಗ್‌ನಲ್ಲಿರುವ ರೂಮಿನ ವಿಳಾಸದಲ್ಲೂ ಚಿಯಾಂಗ್ ಮಾಯ್ ಅಂತಲೇ ಇರುತ್ತದೆ. ಚಿಯಾಂಗ್ ಮಾಯ್ ಊರಿನಿಂದಲೇ ಎಲ್ಲರೂ ವ್ಯಾನ್ ಹತ್ತಿ ಹೋಗುವ ಪಾಯ್ ಅನ್ನೋ ಊರು ಮಾತ್ರ ಪಕ್ಕದ ಮೇ ಹೋಂಗ್ ಸೋನ್ ಪ್ರಾಂತ್ಯಕ್ಕೆ ಸೇರಿದ್ದು.

ಅಧಿಕಾರ ಯಾರದು? ಎರಡು ಸಾಲು ನೆನಪಿಡಿ. ಗವರ್ನರ್ ಮತ್ತು ಅಂಫೋ ಮುಖ್ಯಸ್ಥರನ್ನು ಬ್ಯಾಂಕಾಕ್‌ನ ಒಳಾಡಳಿತ ಇಲಾಖೆ ನೇಮಿಸುತ್ತದೆ. ನಗರಸಭೆಯ ಮೇಯರ್, ಪ್ರಾಂತ್ಯದ ಸ್ಥಳೀಯ ಆಡಳಿತ ಸಂಸ್ಥೆಯ ಅಧ್ಯಕ್ಷರು ಜನರ ವೋಟಿನಿಂದ ಬರುತ್ತಾರೆ. ಗವರ್ನರನ್ನೇ ಜನ ಆರಿಸುವುದು ಬ್ಯಾಂಕಾಕ್‌ನಲ್ಲಿ ಮಾತ್ರ. ಚಿಯಾಂಗ್ ಮಾಯ್‌ನಂಥ ಪ್ರಾಂತ್ಯಕ್ಕೂ ಆ ಹಕ್ಕು ಸಿಗಬೇಕು ಅನ್ನುವವರ ಪರ ನಾನೂ ಇದ್ದೇನೆ.

ಕೊನೆಗೆ ತಿಂಗಳು ನೋಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಕ್ಕೂ ಕಾಡಿಗೂ ಬೀಳುವ ಬೆಂಕಿಯ ಹೊಗೆ ಬೆಟ್ಟಗಳ ನಡುವೆ ಸಿಕ್ಕಿಕೊಂಡು ಕಣಿವೆಯಲ್ಲೇ ನಿಲ್ಲುತ್ತದೆ. ಉಸಿರಾಟದ ತೊಂದರೆ ಇರುವವರು ಆಗ ಹೋಗುವುದು ಬೇಡ. ನವೆಂಬರ್, ಡಿಸೆಂಬರ್ ಒಳ್ಳೆಯದು, ಇಂಥನೋನ್ ಮೇಲೆ ಚಳಿ ಜೋರಿರುತ್ತದೆ, ಸ್ವೆಟರ್ ಇಟ್ಟುಕೊಳ್ಳಿ.