ಮಲೆನಾಡಿನ ಮಳೆಗೆ ನಿಲ್ಲುವ ತಡೆಗೋಡೆ, ಅಂಗಳ ಮತ್ತು ಕಾಲುದಾರಿ

ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದು ಹೋಗುತ್ತದೆ. ಗುಡ್ಡದ ಇಳಿಜಾರನ್ನು ಕಡಿದು ಮನೆ ಕಟ್ಟಿಕೊಂಡವರಿಗೆ ಆ ನಾಲ್ಕು ತಿಂಗಳು ಹಿತ್ತಿಲ ಧರೆಯ, ಅಂದರೆ ಕಡಿದುಳಿದ ಗುಡ್ಡದ ಕಡಿದಾದ ಮೈಯ, ಮೇಲೆಯೇ ಕಣ್ಣು. ಇಂಥ ಕಡೆ ತಡೆಗೋಡೆ ಕುಸಿದಾಗ ಸಿಮೆಂಟು ಕಡಿಮೆ ಹಾಕಿದರೆಂದು ಮೇಸ್ತ್ರಿಯನ್ನು ದೂರುವುದುಂಟು. ನಿಜವಾದ ಕಾರಣ ಹೆಚ್ಚಾಗಿ ಗೋಡೆಯ ಹಿಂದೆ ಕಟ್ಟಿಕೊಂಡ ನೀರು. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಮಣ್ಣಿನ ಒತ್ತಡವನ್ನು ಬಿಟ್ಟು ನೀರೊಂದೇ ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 2 ಟನ್ ಭಾರದಷ್ಟು ಬಲದಿಂದ ಹೊರಕ್ಕೆ ನೂಕುತ್ತದೆ.

ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲು ಒಂದು ಮಳೆಗಾಲವಾದರೂ ಜಾಗವನ್ನು ಗಮನಿಸಬೇಕು. ಎಲ್ಲಿ ಜಲ ಏಳುತ್ತದೆ, ಮೇಲಿನ ತೋಟದ ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂಬುದನ್ನು ನೋಡಿ ಅಲ್ಲಲ್ಲಿ ಗೂಟ ಹುಗಿದಿಟ್ಟರೆ ಬೇಸಗೆಯಲ್ಲಿ ಊಹೆಯ ಅಗತ್ಯ ಬೀಳುವುದಿಲ್ಲ. ಕಡಿದ ಧರೆಯ ಮೈಯನ್ನೂ ಪರೀಕ್ಷಿಸಬೇಕು. ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಪದರವಿದ್ದು ಅದರಡಿಯಲ್ಲಿ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣು ಕಂಡರೆ ಎಚ್ಚರ ಬೇಕು. ಒಣಗಿದ್ದಾಗ ಗುದ್ದಲಿಗೂ ಬಗ್ಗದ ಈ ಮಣ್ಣು ನೆನೆದರೆ ಬಲ ಕಳೆದುಕೊಂಡು ಜಾರುತ್ತದೆ. ಪಾಯದಲ್ಲಿ ಶೇಡಿ ಸಿಕ್ಕರೆ, ಗೋಡೆ ಐದು ಅಡಿ ಮೀರುವುದಾದರೆ, ಅಥವಾ ಧರೆಯ ಮೇಲೆ ಮನೆಯೋ ರಸ್ತೆಯೋ ಇದ್ದರೆ, ಎಂಜಿನಿಯರರ ಲೆಕ್ಕಾಚಾರವಿಲ್ಲದೆ ಮುಂದುವರಿಯಬಾರದು.

ಅಗೆತವನ್ನು ಜನವರಿಯಲ್ಲಿ ಆರಂಭಿಸಿ ಏಪ್ರಿಲ್ ಹೊತ್ತಿಗೆ ಎಲ್ಲವನ್ನೂ ಮುಗಿಸುವುದು ಒಳ್ಳೆಯದು. ಗೋಡೆ ಚಿಕ್ಕದಾದರೆ ಸಿಮೆಂಟಿಲ್ಲದ ಒಣಕಲ್ಲಿನ ಕಟ್ಟಡಕ್ಕೇ ನನ್ನ ಮತ, ಏಕೆಂದರೆ ಅದರ ಪ್ರತಿ ಸಂದಿಯೂ ನೀರಿಗೆ ದಾರಿಯಾಗುತ್ತದೆ. ಗಟ್ಟಿ ನೆಲ ಸಿಗುವವರೆಗೆ, ಕನಿಷ್ಠ ಒಂದೂವರೆ ಅಡಿಯಾದರೂ ಪಾಯ ತೆಗೆದು, ಬುಡದ ಅಗಲವನ್ನು ಎತ್ತರದ ಅರ್ಧದಷ್ಟು ಇಟ್ಟು, ಗೋಡೆಯ ಹೊರಮೈ ಅಡಿಗೆ ಎರಡು ಇಂಚಿನಂತೆ ಧರೆಯ ಕಡೆಗೆ ವಾಲುವಂತೆ ಕಟ್ಟಬೇಕು. ದೊಡ್ಡ ಕಲ್ಲುಗಳು ಬುಡಕ್ಕೆ ಹೋಗಲಿ. ಸಂದಿಯ ಮೇಲೆ ಸಂದಿ ಬರಬಾರದು. ಪ್ರತಿ ಎರಡು ಮೂರು ಅಡಿಗೊಮ್ಮೆ ಹೊರಮೈಯಿಂದ ಒಳಮೈವರೆಗೆ ಚಾಚುವ ಉದ್ದನೆಯ ಕಲ್ಲೊಂದನ್ನು ಕೂರಿಸಬೇಕು.

ಸಿಮೆಂಟು ಹಾಕಿ ಸೈಜುಗಲ್ಲಿನಲ್ಲಿ ಕಟ್ಟುವುದಾದರೆ ಸುಮಾರು ಐದಡಿಗೊಂದರಂತೆ ಮೂರು ಇಂಚಿನ ಪೈಪುಗಳನ್ನು, ಒಂದು ಸಾಲಿನ ಪೈಪಿನ ನೇರಕ್ಕೆ ಮೇಲಿನ ಸಾಲಿನದು ಬಾರದಂತೆ, ಹೊರಕ್ಕೆ ತುಸು ಇಳಿಜಾರಾಗಿ ಇಡಬೇಕು. ಪೈಪು ಇಟ್ಟರೆ ಮಾತ್ರ ಸಾಲದು. ನಮ್ಮ ಮನೆಯ ಹಿಂಬದಿಯಲ್ಲಿ ಮೊದಲು ಕಟ್ಟಿಸಿದ ಗೋಡೆಗೂ ಪೈಪುಗಳಿದ್ದವು. ಆದರೆ ಅವುಗಳ ಹಿಂದೆ ಅಗೆದು ತೆಗೆದ ಮಣ್ಣನ್ನೇ ತುಂಬಿದ್ದರಿಂದ, ಎರಡನೆಯ ವರ್ಷದ ಜಡಿಮಳೆಯಲ್ಲೂ ಅವುಗಳ ಬಾಯಿ ಒಣಗಿಯೇ ಇತ್ತು, ಒಂದರೊಳಗಂತೂ ಜೇಡ ಬಲೆ ನೇಯ್ದಿತ್ತು. ಶ್ರಾವಣ ಕಳೆಯುವಷ್ಟರಲ್ಲಿ ಗೋಡೆಯ ನಡುಭಾಗ ಹೊಟ್ಟೆಯಂತೆ ಉಬ್ಬಿ, ಬೀಳುವ ಮೊದಲು ನಾವೇ ಕೆಡವಿಸಬೇಕಾಯಿತು. ಗೋಡೆಗೂ ಧರೆಗೂ ನಡುವೆ ಬುಡದಿಂದ ಮೇಲಿನವರೆಗೆ ಒಂದಡಿ ದಪ್ಪಕ್ಕೆ 40 ಮಿ.ಮೀ. ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ಮಧ್ಯೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಇಳಿಬಿಟ್ಟರೆ ನೀರು ಸೋಸಿ ಬರುತ್ತದೆ, ಮಣ್ಣು ಹಿಂದೆಯೇ ಉಳಿಯುತ್ತದೆ. ಬಟ್ಟೆಯ ಆಚೆಗೆ ತುಂಬುವ ಮಣ್ಣನ್ನು ಅರ್ಧ ಅಡಿಗೊಮ್ಮೆ ದಿಮ್ಮಸು ಹೊಡೆದು ಕೂರಿಸಬೇಕು. ಎಲ್ಲಕ್ಕೂ ಮೇಲೆ ಜಿಗುಟು ಮಣ್ಣಿನ ಹೊದಿಕೆ ಕೊಟ್ಟು, ಧರೆಯ ನೆತ್ತಿಯಲ್ಲಿ ಚರಂಡಿ ತೋಡಿ, ಮೇಲಿನಿಂದ ಬರುವ ನೀರನ್ನು ಗೋಡೆಯ ತುದಿ ದಾಟಿಸಬೇಕು. ಮಾಡಿನ ನೀರು ಗೋಡೆಯ ಹಿಂದೆ ಬೀಳಲೇಬಾರದು. ಉಳಿದ ಇಳಿಜಾರಿಗೆ ಲಾವಂಚ ನೆಟ್ಟರೆ ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ.

ಅಂಗಳಕ್ಕೂ ಕಾಲುದಾರಿಗೂ ಹತ್ತು ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರನ್ನು ಮನೆಯ ಗೋಡೆಯಿಂದ ಹೊರಮುಖವಾಗಿ ಕೊಡಬೇಕು. ಅಡಿಕೆ ಒಣಗಿಸಲು ಇಷ್ಟು ಇಳಿಜಾರು ಅಡ್ಡಿಯಾಗದು. ಒಂದಕ್ಕೊಂದು ಕೂಡಿಕೊಳ್ಳುವ ಇಂಟರ್‌ಲಾಕ್ ಇಟ್ಟಿಗೆ ಹಾಸುವುದಾದರೆ ನಡೆದಾಡುವಲ್ಲಿಗೆ 60 ಮಿ.ಮೀ., ಕಾರು ಬರುವಲ್ಲಿಗೆ 80 ಮಿ.ಮೀ. ದಪ್ಪದವು ಬೇಕು. ಅಡಿಯಲ್ಲಿ ಅರ್ಧ ಅಡಿಯಷ್ಟು ಜಲ್ಲಿ ಕುಟ್ಟಿ, ಅದರ ಮೇಲೆ ಮರಳಿನ ಬದಲು ಸಣ್ಣ ಜಲ್ಲಿಚೂರು ಹರಡುವುದು ಲೇಸು, ಏಕೆಂದರೆ ಮರಳು ಮಳೆಯ ನೀರಿನೊಂದಿಗೆ ಕೊಚ್ಚಿ ಹೋಗಿ ಇಟ್ಟಿಗೆಗಳು ಅಲ್ಲಲ್ಲಿ ಕುಸಿಯುತ್ತವೆ. ಅಂಚಿನ ಕಲ್ಲುಗಳನ್ನು ಕಾಂಕ್ರೀಟಿನಲ್ಲಿ ಹೂಳದಿದ್ದರೆ ಇಡೀ ಹಾಸು ಪಕ್ಕಕ್ಕೆ ಸರಿಯತೊಡಗುತ್ತದೆ. ಪಾಚಿಯ ಮಾತು ಬೇರೆ. ನಯವಾದ ಕಡಪ ಕಲ್ಲಾಗಲಿ ಪಾಲಿಶ್ ಮಾಡಿದ ಗ್ರಾನೈಟ್ ಆಗಲಿ ಹೊರಗೆ ಬೇಡ. ಒರಟು ಮೈಯ ಕಲ್ಲೇ ಆಗಬೇಕು, ಇಲ್ಲವಾದರೆ ಹಿಂದಿನವರಂತೆ ಆಷಾಢದಲ್ಲಿ ಅದರ ಮೇಲೆ ಅಡಿಕೆ ದಬ್ಬೆ ಹಾಸಿಕೊಂಡೇ ಓಡಾಡಬೇಕಾದೀತು.

ಜೂನ್‌ನ ಮೊದಲ ದೊಡ್ಡ ಮಳೆ ಹಿಡಿದಾಗ ಕೊಡೆ ಹಿಡಿದು ಒಂದು ಸುತ್ತು ಹೋಗಿ, ಪ್ರತಿ ಪೈಪಿನ ಬಾಯನ್ನೂ ನೋಡಬೇಕು. ತಿಳಿನೀರು ಬರುತ್ತಿದ್ದರೆ ಸರಿ. ಮೊದಲ ಒಂದೆರಡು ದಿನ ಕೆಂಪಾಗಿ ಬಂದರೂ ಹೆದರಬೇಕಾಗಿಲ್ಲ. ವಾರ ಕಳೆದರೂ ಕೆಂಪಾಗಿಯೇ ಇದ್ದರೆ ಬಟ್ಟೆ ಎಲ್ಲೋ ಹರಿದು ಧರೆಯ ಮಣ್ಣು ತೊಳೆದು ಬರುತ್ತಿದೆ ಎಂದರ್ಥ. ಆಗ ಗೋಡೆಯ ಬುಡದಲ್ಲಿ ಯಾರೂ ಓಡಾಡದಂತೆ ನೋಡಿಕೊಂಡು, ಮಳೆ ಬಿಟ್ಟ ಮೇಲೆ ಮೇಲಿನಿಂದ ಆ ಭಾಗವನ್ನು ಬಿಚ್ಚಿ ಜಲ್ಲಿಯನ್ನೂ ಬಟ್ಟೆಯನ್ನೂ ಹೊಸದಾಗಿ ಹಾಕಿಸಬೇಕು.