ಚಿಂಪಾಂಜಿಗಳ ದ್ವೀಪಕ್ಕೆ ಹೊರಡುವ ಮುಂಚೆ

ಮೊದಲೇ ಹೇಳಿಬಿಡುತ್ತೇನೆ. ಉಗಾಂಡಾದಲ್ಲಿ ಎರಡು ವಾರ ಸ್ವಯಂಸೇವೆ ಮಾಡಿ ಬಂದೆ, ಒಂದು ಚಿಂಪಾಂಜಿಯನ್ನೂ ಮುಟ್ಟಲಿಲ್ಲ. ತಬ್ಬಿಕೊಂಡ ಫೋಟೊ ಎಲ್ಲಿ ಅಂತ ಆಫೀಸಿನವರೆಲ್ಲ ಕೇಳಿದರು. ಇಲ್ಲ, ಇರಲೂಬಾರದು.

ಜಾಗ ಹುಡುಕುವಾಗ ನೀವೂ ಇದನ್ನೇ ನೋಡಿ. ‘ಮರಿ ಎತ್ತಿ ಮುದ್ದಾಡಿ’ ಅಂತ ಜಾಹೀರಾತು ಕಂಡರೆ ಮುಂದೆ ಹೋಗಿ. ದಕ್ಷಿಣ ಆಫ್ರಿಕಾದಲ್ಲಿ ಹಾಗೆ ಮುದ್ದಾಡಿಸಿಕೊಂಡ ಸಿಂಹದ ಮರಿಗಳು ದೊಡ್ಡವಾದ ಮೇಲೆ, ಬೇಲಿಯೊಳಗೆ ಕೂಡಿಹಾಕಿ ಆಡುವ ಬೇಟೆಗೆ ಗುರಿಯಾಗಿದ್ದುಂಟು. ಅನಾಥ ಮರಿ ಅಂತ ನಂಬಿ, ದುಡ್ಡು ಕೊಟ್ಟು ಬಾಟಲಿ ಹಾಲು ಕುಡಿಸಿದವರು ನಮ್ಮಂಥವರೇ.

ನಾನು ಆರಿಸಿದ್ದು ನ್ಗಾಂಬಾ ದ್ವೀಪ, ಅನಾಥ ಚಿಂಪಾಂಜಿಗಳನ್ನು ಕಾಪಾಡಿ ಸಾಕುವ ಆಶ್ರಯತಾಣ. ವಿಕ್ಟೋರಿಯಾ ಸರೋವರದಲ್ಲಿದೆ, ವಿಮಾನ ನಿಲ್ದಾಣವಿರುವ ಎಂಟೆಬ್ಬೆ ಊರಿನಿಂದ ದೋಣಿಯಲ್ಲಿ ಸುಮಾರು 23 ಕಿ.ಮೀ. ಚಿಂಪಾಂಜಿಗಳು ಇಲ್ಲಿಗೆ ಬಂದದ್ದು 1998ರಲ್ಲಿ. ದ್ವೀಪ ಸುಮಾರು 100 ಎಕರೆ. ಕಾಡೆಲ್ಲ ಅವುಗಳದ್ದು, ನಮಗೆ ಕರೆಂಟ್ ಬೇಲಿಯ ಈಚೆ ಒಂದು ಮೂಲೆ. ಚಿಂಪಾಂಜಿಗೆ ಈಜು ಬರುವುದಿಲ್ಲ, ಹಾಗಾಗಿ ಉಳಿದ ಬೇಲಿ ಕೆರೆಯ ನೀರೇ.

ತಯಾರಿ ಆರು ತಿಂಗಳ ಮುಂಚೆ ಶುರುವಾಗಲಿ. ಜಾಸ್ತಿ ಸಮಯ ತಿನ್ನುವುದು ಟಿಕೆಟ್ಟಲ್ಲ, ಆರೋಗ್ಯದ ಕಾಗದ. ನಮ್ಮ ರೋಗಗಳು ಚಿಂಪಾಂಜಿಗಳಿಗೆ ಸುಲಭವಾಗಿ ಅಂಟುತ್ತವೆ. 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನಲ್ಲಿ, ನಮಗೆ ಬರೀ ನೆಗಡಿ ತರುವಂಥ ವೈರಸ್ಸಿಗೆ 5 ಚಿಂಪಾಂಜಿಗಳು ಸತ್ತವು. ಹಾಗಾಗಿ ಟಿಬಿ, ಹೆಪಟೈಟಿಸ್, ದಡಾರ ಎಲ್ಲದಕ್ಕೂ ದಾಖಲೆ ಬೇಕು.

ಇಲ್ಲೇ ನಾನು ಎಡವಿದೆ. ಟಿಬಿಗೆ ತೋಳಿನ ಚರ್ಮದ ಪರೀಕ್ಷೆ ಮಾಡಿಸಿದೆ. ಮೂರನೇ ದಿನ ಅದು ವಡೆಯ ಹಾಗೆ ಊದಿತು! ಲ್ಯಾಬಿನವರು ಏನೂ ವಿವರಿಸದೆ ‘ಪಾಸಿಟಿವ್’ ಅಂತ ಚೀಟಿ ಕೊಟ್ಟರು. ಅಮ್ಮ ಅವತ್ತು ಊಟ ಬಿಟ್ಟಳು. ಆಮೇಲೆ ನಮ್ಮ ಡಾಕ್ಟರ್ ನಕ್ಕರು: ಹುಟ್ಟಿದಾಗ ಹಾಕಿದ ಬಿಸಿಜಿ ಅನ್ನುವ ಟಿಬಿ ಲಸಿಕೆಯಿಂದಲೂ ಹೀಗೆ ಊದಬಹುದು. ಇಗ್ರಾ ಅನ್ನುವ ರಕ್ತಪರೀಕ್ಷೆಗೆ ಆ ಗೊಂದಲ ಇಲ್ಲ. ಅದನ್ನೂ ಎದೆಯ ಎಕ್ಸ್‌ರೇಯನ್ನೂ ಮಾಡಿಸಿ ಕಳಿಸಿದೆ. ನೀವು ಸುಮ್ನೆ ಮೊದಲೇ ದ್ವೀಪದವರಿಗೆ ಬರೆದು, ಇಗ್ರಾ ಒಪ್ಪುತ್ತೀರಾ ಅಂತ ಕೇಳಿಬಿಡಿ. ಯಾವ ವೀಸಾ ಬೇಕು ಅಂತಲೂ ಅದೇ ಪತ್ರದಲ್ಲಿ ಕೇಳಿ. ಸ್ವಯಂಸೇವೆ ಅಂದರೂ ಅದು ಕೆಲಸವೇ ಅಲ್ವಾ?

ಕೆಲಸ ಏನು ಅಂತೀರಾ? ಹಣ್ಣು, ತರಕಾರಿ ಹೆಚ್ಚುವುದು. ಬಕೆಟ್ಟು ತೊಳೆಯುವುದು. ಚಿಂಪಾಂಜಿಗಳು ಕಾಡಿಗೆ ಹೋದ ಮೇಲೆ ಅವು ಮಲಗುವ ಕೋಣೆ ಉಜ್ಜುವುದು. ಆ ವಾಸನೆಗೆ ಒಗ್ಗಲು ಮೂರು ದಿನ ಬೇಕು, ಅಷ್ಟೇ. ಹೊಸಬರು ಬೇಲಿ ಹತ್ತಿರ ನಿಂತರೆ ಕೈಗೆ ಸಿಕ್ಕಿದ್ದು ಎಸೆಯುತ್ತವೆ. ನನಗೆ ಬಿದ್ದದ್ದು ಮಣ್ಣು ಅಂತಲೇ ನಂಬಿದ್ದೇನೆ. ಹಳೆ ಬಟ್ಟೆ ಒಯ್ಯಿರಿ.

ಊಟಕ್ಕೆ ಹೆದರಬೇಡಿ, ಸಸ್ಯಾಹಾರಿಗಳೂ ಬದುಕುತ್ತಾರೆ. ಪೋಶೋ ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಬೀನ್ಸ್ ಸಾರು. ನಾನು ಅಗಿಯದೆ ನುಂಗಿದ್ದನ್ನು ನೋಡಿ ಅಡುಗೆಯವರು ಗಾಬರಿಯಾದರು. ಚಟ್ನಿಪುಡಿ ಒಯ್ದರೆ ಸ್ನೇಹಿತರು ತಾನಾಗಿ ಸಿಗುತ್ತಾರೆ. ‘ವೆಬಲೆ’ ಅಂದರೆ ಥ್ಯಾಂಕ್ಸ್, ಅದೊಂದು ಕಲಿತಿರಿ.

ಹಳದಿ ಜ್ವರದ ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಚುಚ್ಚಿದ 10 ದಿನದ ನಂತರವೇ ಅದು ಲೆಕ್ಕಕ್ಕೆ. ಲಸಿಕೆಯ ಕಾರ್ಡನ್ನು ಉಗಾಂಡಾಕ್ಕೆ ಇಳಿಯುವಾಗಲೂ ಕೇಳುತ್ತಾರೆ, ಭಾರತಕ್ಕೆ ವಾಪಸ್ ಬರುವಾಗಲೂ ಕೇಳುತ್ತಾರೆ. ಕಾರ್ಡು ಇಲ್ಲದಿದ್ದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ನಾನು ಅದನ್ನು ಪಾಸ್‌ಪೋರ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ, ಈಗಲೂ ಹಾಗೇ ಇದೆ.