ಅಳಿವೆಯಲ್ಲಿ ಬೋಟು ಓಡಿಸುವಾಗ: ಬೇರೆಯವರಿಗೆ ಅಲೆ ಹೊಡೆಯದಂತೆ ಸಾಗುವ ಬಗೆ

ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿ ಬೋಟು, ಮೀನುಗಾರಿಕೆ ಬೋಟು, ಪಾತಿ ದೋಣಿ (ಹುಟ್ಟು ಹಾಕುವ ಸಣ್ಣ ನಾಡದೋಣಿ), ಬಲೆ ಬೀಸುವವರು ಎಲ್ಲರಿಗೂ ಇರುವುದು ಒಂದೇ ನೀರು. ಕುಮಟಾ ಕಡೆಯ ಅಘನಾಶಿನಿಗೆ ಬಂದರೆ, ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವ ಗಂಡಸರು ಹೆಂಗಸರೂ ಇರುತ್ತಾರೆ. ಇವರ ನಡುವೆ ಬೋಟು ಓಡಿಸುವವರಿಗಾಗಿ ಇದನ್ನು ಬರೆದಿದೆ. ಡಿಕ್ಕಿ ತಪ್ಪಿಸುವುದು ಹೇಗೆಂದು ಬೋಟು ಹಿಡಿದವರೆಲ್ಲ ಕಲಿತಿರುತ್ತಾರೆ. ತಾವು ದಾಟಿ ಹೋದ ಅರ್ಧ ನಿಮಿಷದ ಮೇಲೆ ಪಕ್ಕದ ದೋಣಿಗೆ ಬಡಿಯುವ ಅಲೆಯ ಕಡೆ ಗಮನ ಕೊಡುವವರು ಕಡಿಮೆ. ದೋಣಿಗೆ ನೀರು ತುಂಬುವುದು, ನಿಂತವರು ಬೀಳುವುದು, ದಂಡೆ ಕುಸಿಯುವುದು ಎಲ್ಲ ಆ ಅಲೆಯಿಂದಲೇ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇವೆ. ದೋಣಿ ಕಂಡಾಗ ವೇಗವನ್ನು ಅರ್ಧಕ್ಕೆ ಇಳಿಸುವುದು ಅತಿ ಕೆಟ್ಟ ಆಯ್ಕೆ. ಇಳಿಸಿದರೆ ಪೂರ್ತಿ ಇಳಿಸಬೇಕು, ಅದೂ ಬೇಗ ಇಳಿಸಬೇಕು.

ಯಾವ ವೇಗಕ್ಕೆ ಎಷ್ಟು ಅಲೆ

ಬೋಟು ನಿಧಾನ ಹೋಗುವಾಗ ನೀರನ್ನು ಸೀಳಿಕೊಂಡು ಹೋಗುತ್ತದೆ, ಹಿಂದೆ ಸಣ್ಣ ಸುಕ್ಕಷ್ಟೇ ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ಬೋಟಿನ ಉದ್ದಕ್ಕೆ ಸಮವಾದ ಕೂಡಲೇ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ: ಮೂತಿ ಮೇಲೇಳುತ್ತದೆ, ಹಿಂಭಾಗ ಹೂತುಕೊಳ್ಳುತ್ತದೆ. ನೀರಿಗೆ ತಾಗಿದ ಭಾಗ 6 ಮೀಟರ್ ಇರುವ ಬೋಟಿಗೆ ಇದು ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿ ಆಗುತ್ತದೆ, 9 ಮೀಟರ್ ಬೋಟಿಗೆ 13.5 ಕಿ.ಮೀ. ಹತ್ತಿರ. ಅಲ್ಲಿಂದ ಬೋಟು ನೀರಿನ ಮೇಲೆ ಏರಿ ಓಡಲು ಶುರು ಮಾಡುವವರೆಗಿನ ನಡುವಿನ ಹಂತವಿದೆಯಲ್ಲ, ಅತಿ ದೊಡ್ಡ ಅಲೆ ಏಳುವುದು ಅಲ್ಲೇ. ಪೂರ್ತಿ ಏರಿದ ಮೇಲೆ ಅಲೆ ಮತ್ತೆ ಸ್ವಲ್ಪ ತಗ್ಗುತ್ತದೆ.

ಹಾಗಾಗಿ 30ರಲ್ಲಿ ಹೋಗುತ್ತಿದ್ದವರು ಪಾತಿ ದೋಣಿ ನೋಡಿ 14ಕ್ಕೆ ಇಳಿಸಿದರೆ, ಮರ್ಯಾದೆ ತೋರಿಸಿದೆ ಅಂದುಕೊಂಡು ಮೊದಲಿಗಿಂತ ದೊಡ್ಡ ಅಲೆಯನ್ನು ಅವರ ಮೇಲೆ ಕಳಿಸುತ್ತಾರೆ. 6 ಮೀಟರ್ ಬೋಟು 5ರಿಂದ 6 ಕಿ.ಮೀ.ಗೆ ಬಂದಾಗ ಮಾತ್ರ ನಿಜಕ್ಕೂ ತೊಂದರೆ ಇಲ್ಲ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟು ಎನ್ನುವುದು ನೆನಪಿರಲಿ.

ದೂರ ಇದ್ದರೆ ಸಾಕು ಎಂಬ ನಂಬಿಕೆಯೂ ಇದೆ. ಆಳದ ನೀರಲ್ಲಿ ಬೋಟಿನ ಅಲೆ ಬಹಳ ನಿಧಾನವಾಗಿ ಕುಗ್ಗುತ್ತದೆ. ದೂರ ಎರಡು ಪಟ್ಟಾದರೂ ಎತ್ತರದಲ್ಲಿ ಐದನೇ ಒಂದು ಪಾಲಿನಷ್ಟೇ ಇಳಿಕೆ. ಹೊಳೆಯ ಅಗಲದಲ್ಲಿ ಎಷ್ಟು ಪಕ್ಕಕ್ಕೆ ಸರಿದರೂ ವೇಗ ಇಳಿಸಿದಷ್ಟು ಪ್ರಯೋಜನವಿಲ್ಲ.

ನಿಮ್ಮ ಬೋಟಿಗೆ ಗುರುತು ಹಾಕಿಕೊಳ್ಳಿ

ಗಾಳಿ ಇಲ್ಲದ ಬೆಳಿಗ್ಗೆ, ಹತ್ತಿರ ಯಾರೂ ಇಲ್ಲದ ಅಗಲ ನೀರಲ್ಲಿ, ಸಾಮಾನ್ಯವಾಗಿ ಕೂರುವಷ್ಟೇ ಜನರನ್ನು ಕೂರಿಸಿಕೊಂಡು ಈ ಪರೀಕ್ಷೆ ಮಾಡಿ. ಖಾಲಿ ಬೋಟಿನ ಲೆಕ್ಕ ತುಂಬಿದ ಬೋಟಿಗೆ ಬರುವುದಿಲ್ಲ. ಎಂಜಿನ್ ಐಡಲ್‌ನಲ್ಲಿ ಗೇರ್ ಹಾಕಿ ಹೊರಡಿ, ಥ್ರಾಟಲ್ ಸ್ವಲ್ಪ ಸ್ವಲ್ಪವೇ ಕೊಡುತ್ತ, ಪ್ರತಿ ಹಂತದಲ್ಲೂ ಅರ್ಧ ನಿಮಿಷ ಒಂದೇ ವೇಗದಲ್ಲಿ ಬಿಟ್ಟು, ತಿರುಗಿ ಹಿಂದೆ ನೋಡಿ. ಮೊದಲು ಎಂಜಿನ್ ಹಿಂದೆ ನುಣುಪಾದ ಪಟ್ಟಿಯಂತೆ ನೀರು ಕಾಣುತ್ತದೆ, ಆಚೀಚೆ ಬೆರಳೆತ್ತರದ ಸುಕ್ಕು. ಸ್ವಲ್ಪ ಹೆಚ್ಚಿಸಿದಾಗ ಆ ಪಟ್ಟಿಯ ನಡುವೆ ಒಂದು ಗುಂಡಿ ಬಿದ್ದು ಅದರ ಹಿಂದೆ ಗುಡ್ಡೆ ಏಳುತ್ತದೆ. ಪಕ್ಕದ ಸುಕ್ಕಿನ ತುದಿ ಬೆಳ್ಳಗೆ ಒಡೆಯತೊಡಗುತ್ತದೆ, ನಿಮಗೆ ಎದುರಿನ ನೀರು ಕಾಣಲು ಕತ್ತು ಎತ್ತಬೇಕಾಗುತ್ತದೆ. ಗುಂಡಿ ಬೀಳುವುದಕ್ಕೆ ಮೊದಲಿನ ಥ್ರಾಟಲ್ ಜಾಗಕ್ಕೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಜನರಿರುವ ಕಡೆ ಆ ಗೆರೆ ದಾಟಬೇಡಿ.

ಮೊಬೈಲಿನ ಜಿಪಿಎಸ್ ನಂಬಿ ಇದನ್ನು ಮಾಡುವವರು ಒಂದು ವಿಷಯ ತಿಳಿದಿರಬೇಕು. ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ, ಅಲೆ ಏಳುವುದು ನೀರಿನ ಲೆಕ್ಕದ ವೇಗಕ್ಕೆ. ಇಳಿತದ ಸೆಳೆತ ಗಂಟೆಗೆ 3 ಕಿ.ಮೀ. ಇದ್ದು ನೀವು ಅದಕ್ಕೆ ಎದುರಾಗಿ ಹೋಗುತ್ತಿದ್ದರೆ, ಮೊಬೈಲಿನಲ್ಲಿ 6 ಕಂಡರೂ ನೀರಿನಲ್ಲಿ 9ರ ಅಲೆ ಏಳುತ್ತದೆ. ಸೆಳೆತದ ಜೊತೆ ಹೋಗುವಾಗ ಅದೇ 6 ಅಂದರೆ ಬರೀ 3. ಆಗ ಚುಕ್ಕಾಣಿ ಸರಿಯಾಗಿ ಹಿಡಿತಕ್ಕೆ ಸಿಗುವುದಿಲ್ಲ. ಥ್ರಾಟಲ್ ಮೇಲಿನ ಗೆರೆಗೆ ಈ ಗೊಂದಲವಿಲ್ಲ.

ಭಾರ ಎಲ್ಲಿದೆ ಎನ್ನುವುದೂ ಅಲೆಯನ್ನು ಬದಲಿಸುತ್ತದೆ. ಜನ, ಇಂಧನದ ಕ್ಯಾನು, ಐಸ್ ಪೆಟ್ಟಿಗೆ ಎಲ್ಲ ಹಿಂದೆ ಸೇರಿದರೆ ಹಿಂಭಾಗ ಹೂತು ಕಡಿಮೆ ವೇಗಕ್ಕೇ ದೊಡ್ಡ ಅಲೆ ಏಳುತ್ತದೆ. ಜನರನ್ನು ನಡುವಿಗೆ ಕೂರಿಸಿ, ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದೆ ಹೊರಗೆ ತೂಗುವ ಎಂಜಿನ್) ಹೊರಕ್ಕೆ ಬಾಗಿದ್ದರೆ, ಅದರ ಓರೆ ಹಿಡಿದಿಡುವ ಟಿಲ್ಟ್ ಪಿನ್ನನ್ನು ಒಂದು ತೂತು ಒಳಗಿನದಕ್ಕೆ ಹಾಕಿ ನೋಡಿ, ಮೂತಿ ತಗ್ಗುತ್ತದೆ.

ಪಾತಿ ದೋಣಿ ಎದುರಾದಾಗ

ತುಂಬಿದ ಪಾತಿ ದೋಣಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿರುವುದಿಲ್ಲ. ಅದರಲ್ಲಿ ಒಬ್ಬರು ನಿಂತು ಬೀಸುಬಲೆ ಎತ್ತಿ ಹಿಡಿದಿರಬಹುದು, ಬಲೆಯ ದಾರ ಕೈಗೆ ಸುತ್ತಿರುತ್ತದೆ. ಆ ಸ್ಥಿತಿಯಲ್ಲಿ ಮೊಣಕಾಲೆತ್ತರದ ಅಲೆ ಬಂದರೆ ಅವರಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಏರಿ ಓಡುತ್ತಿರುವ ಬೋಟಾದರೆ ಸುಮಾರು 150 ಮೀಟರ್ ಮೊದಲೇ ಥ್ರಾಟಲ್ ಇಳಿಸಲು ಶುರು ಮಾಡಿ, 50 ಮೀಟರ್ ತಲುಪುವಷ್ಟರಲ್ಲಿ ಮೂತಿ ಮಟ್ಟಸವಾಗಿ ಕೂತಿರಲಿ. ಇಷ್ಟು ಮುಂಚಿತವಾಗಿ ಯಾಕೆಂದರೆ, ಬೋಟು ಏರಿದ ಸ್ಥಿತಿಯಿಂದ ಕೆಳಗಿಳಿಯುವಾಗಲೂ ಆ ಕೆಟ್ಟ ನಡುವಿನ ಹಂತವನ್ನು ದಾಟಲೇಬೇಕು. ಆಗ ಎದ್ದ ಅಲೆ ಬೋಟು ನಿಂತರೂ ನಿಲ್ಲುವುದಿಲ್ಲ, ನಿಮ್ಮನ್ನೇ ಹಿಂದಿಕ್ಕಿ ಮುಂದೆ ಹೋಗುತ್ತದೆ. ದೋಣಿಯ ಪಕ್ಕದಲ್ಲೇ ಥಟ್ಟನೆ ಥ್ರಾಟಲ್ ಬಿಟ್ಟರೆ ಅದು ಅವರಿಗೂ ಬಡಿಯುತ್ತದೆ, ನಿಮ್ಮ ಎಂಜಿನ್ ಕೂರಿಸಿದ ಹಿಂದಿನ ಹಲಗೆ ದಾಟಿ ಬೋಟಿನೊಳಕ್ಕೂ ನುಗ್ಗುತ್ತದೆ. ಹಿಂದಿನ ಹಲಗೆ ತಗ್ಗಾಗಿರುವ ಸಣ್ಣ ಬೋಟುಗಳಲ್ಲಿ ಇದು ನಿಜವಾದ ಅಪಾಯ.

ದಾಟಿದ ಮೇಲೆ ತಕ್ಷಣ ಎಳೆಯಬೇಡಿ. ಏರುವಾಗಲೂ ಅದೇ ದೊಡ್ಡ ಅಲೆ. ಕನಿಷ್ಠ 100 ಮೀಟರ್ ಮುಂದೆ ಹೋಗಿ, ಹಿಂದೆ ತಿರುಗಿ ನೋಡಿ, ನಂತರ ವೇಗ ಕೊಡಿ. ಬಹಳ ಜನ ತಪ್ಪುವುದು ಇಲ್ಲೇ: ಹತ್ತಿರ ಬರುವಾಗ ಚೆನ್ನಾಗಿ ನಿಧಾನ ಮಾಡಿ, ದೋಣಿ ಪಕ್ಕಕ್ಕೆ ಬಂದ ಕ್ಷಣವೇ ಥ್ರಾಟಲ್ ಒತ್ತುತ್ತಾರೆ.

ಜನರ ಹತ್ತಿರ ಸುತ್ತು ಹೊಡೆಯುವುದನ್ನಂತೂ ಬಿಡಲೇಬೇಕು. ಬೋಟು ತಿರುಗುವಾಗ ಅಲೆಗಳೆಲ್ಲ ತಿರುವಿನ ಒಳಗಡೆಗೆ ಬಂದು ಒಂದರ ಮೇಲೊಂದು ಸೇರುತ್ತವೆ. ಜೆಟ್ ಸ್ಕೀಯಲ್ಲಿ ಒಂದೇ ಕಡೆ ವೃತ್ತ ಹಾಕುತ್ತಿದ್ದರೆ ನೇರ ಓಡಿದಾಗ ಇಲ್ಲದ ಅಡ್ಡಾದಿಡ್ಡಿ ಅಲೆ ಏಳುತ್ತದೆ, ಅದಕ್ಕೆ ದೋಣಿಯ ಮೂತಿ ಯಾವ ಕಡೆ ತಿರುಗಿಸಬೇಕೆಂದೇ ತಿಳಿಯುವುದಿಲ್ಲ.

ಭರತಕ್ಕೊಂದು, ಇಳಿತಕ್ಕೊಂದು

ಆಳ ಕಡಿಮೆಯಾದಾಗ ಲೆಕ್ಕ ಬದಲಾಗುತ್ತದೆ. ಪ್ರತಿ ಆಳಕ್ಕೂ ಅಲೆ ಅದಕ್ಕಿಂತ ವೇಗವಾಗಿ ಓಡಲಾರದ ಒಂದು ಮಿತಿ ಇದೆ: 1 ಮೀಟರ್ ನೀರಿಗೆ ಗಂಟೆಗೆ ಸುಮಾರು 11 ಕಿ.ಮೀ., 2 ಮೀಟರಿಗೆ 16, 3 ಮೀಟರಿಗೆ 19.5. ಬೋಟು ಆ ವೇಗದ ಆಸುಪಾಸಿನಲ್ಲಿ ಓಡಿದರೆ ಅಲೆ ಗುಡ್ಡೆಗಟ್ಟುತ್ತದೆ, ಬೋಟಿನ ಹಿಂಭಾಗ ಇನ್ನಷ್ಟು ತಳಕ್ಕೆ ಕುಸಿದು ಫ್ಯಾನ್ ಕೆಸರು ಕಲಕುತ್ತದೆ. ಹಿಂದೆ ನೀರು ಕಂದು ಬಣ್ಣಕ್ಕೆ ತಿರುಗಿದ್ದು ಕಂಡರೆ ನೀವು ಆ ಜಾಗಕ್ಕೆ ಹೆಚ್ಚಿನ ವೇಗದಲ್ಲಿದ್ದೀರಿ.

ಇಳಿತದಲ್ಲಿ ಅಪಾಯ ನೀರಲ್ಲಿ ನಿಂತವರಿಗೆ. ಅಘನಾಶಿನಿಯಲ್ಲಿ ಬಳಚು ಹೆಕ್ಕುವವರು ಕಾಲಲ್ಲಿ ತಡವಿ, ಬಗ್ಗಿ, ಕೈಯಿಂದ ತೆಗೆಯುತ್ತಾರೆ. ಮುಖ ನೀರಿನ ಹತ್ತಿರವೇ ಇರುತ್ತದೆ, ಬೆನ್ನು ನಿಮ್ಮ ಕಡೆಗೆ. ದಿಬ್ಬದ ಪಕ್ಕದ ಕಾಲುವೆಯಲ್ಲಿ ಆಳ ಇದ್ದರೂ ಅಲೆ ದಿಬ್ಬ ಹತ್ತುವಾಗ ಎತ್ತರವಾಗಿ ಒಡೆಯುತ್ತದೆ. ಅಲ್ಲಿ ಐಡಲ್ ವೇಗವೊಂದೇ ಸರಿ.

ಭರತದಲ್ಲಿ ಅವರಿರುವುದಿಲ್ಲ, ಆದರೆ ನೀರು ಗಜನಿ ಗದ್ದೆಗಳ (ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಗಳ) ಮಣ್ಣಿನ ಕಟ್ಟೆಯ ತಲೆಯವರೆಗೆ ಬಂದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇದು ಇನ್ನೂ ಹೆಚ್ಚು. ಒಂದೇ ಮಟ್ಟದಲ್ಲಿ ಪದೇ ಪದೇ ಬಡಿಯುವ ಅಲೆ ಕಟ್ಟೆಯನ್ನು ಅಡಿಯಿಂದ ಕೊರೆಯುತ್ತದೆ, ಮೇಲಿನ ಮಣ್ಣು ಕಳಚಿ ಬೀಳುತ್ತದೆ. ಕಗ್ಗ ಭತ್ತ ಉಪ್ಪು ತಡೆಯುವ ತಳಿಯೇ ಹೌದು, ಹಾಗೆಂದು ಕಟ್ಟೆ ಒಡೆದು ನುಗ್ಗಿದ ನೀರನ್ನೆಲ್ಲ ತಡೆಯುವುದಿಲ್ಲ. ಒಡೆದ ಕಟ್ಟೆ ಕಟ್ಟಲು ಊರಿನವರೇ ಕೈಯಿಂದ ದುಡ್ಡು ಹಾಕಬೇಕು. ಹಾಗಾಗಿ ನೀರು ತುಂಬಿದೆ, ಯಾರೂ ಕಾಣುತ್ತಿಲ್ಲ ಎಂದು ದಂಡೆ ಪಕ್ಕ ಎಳೆಯುವುದು ಸರಿಯಲ್ಲ. ವೇಗ ಬೇಕೇ ಬೇಕು ಎಂದಾದರೆ ಅಗಲವಾದ, ಆಳವಾದ ನಡು ಹೊಳೆಯಲ್ಲಿ, ಕಟ್ಟೆಗಳೂ ದೋಣಿಗಳೂ ಇಲ್ಲದ ಕಡೆ ಮಾತ್ರ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಸಣ್ಣ ಕಾಲುವೆಗಳಿಗೆ ಎಂಜಿನ್ ಹಾಕಿಕೊಂಡು ಹೋಗುವುದಾದರೆ ಐಡಲ್‌ನಲ್ಲೇ. ಹುಟ್ಟು ಅಥವಾ ಗಳ ಇದ್ದರೆ ಇನ್ನೂ ಒಳ್ಳೆಯದು.

ಬಲೆ, ಪಂಜರ

ನೀರಿನ ಮೇಲೆ ಸಾಲಾಗಿ ಬೆಂಡು, ಥರ್ಮೋಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಅದು ಬಲೆ. ಎರಡೂ ತುದಿ ಸಿಗುವವರೆಗೆ ನಿಧಾನ ಮಾಡಿ, ಒಂದು ತುದಿ ದೋಣಿಯಲ್ಲಿದ್ದರೆ ಇನ್ನೊಂದು ತುದಿಯ ಆಚೆಯಿಂದ ಸುತ್ತಿ ಹೋಗಿ. ದೋಣಿಯವರು ಕೈ ತೋರಿಸಿದ ಕಡೆಯೇ ದಾರಿ. ದಾಟದೆ ಬೇರೆ ಉಪಾಯವಿಲ್ಲದಿದ್ದರೆ ಅವರನ್ನು ಕೇಳಿ, ನ್ಯೂಟ್ರಲ್ ಮಾಡಿ, ಎಂಜಿನ್ ಮೇಲೆತ್ತಿ, ಎರಡು ಬೆಂಡುಗಳ ನಡುವೆ ಹಗ್ಗ ಜೋತಿರುವ ಜಾಗದಲ್ಲಿ ತೇಲಿಕೊಂಡು ದಾಟಿ. ಮೀನು ಸಾಕುವ ತೇಲು ಪಂಜರಗಳ ಪಕ್ಕವೂ ನಿಧಾನವೇ. ಅಲೆ ಬಡಿದಾಗಲೆಲ್ಲ ಲಂಗರಿನ ಹಗ್ಗ ಚೌಕಟ್ಟಿಗೆ ಉಜ್ಜಿ ಸವೆಯುತ್ತದೆ. ಪಂಜರಕ್ಕೆ ಬೋಟು ಕಟ್ಟಿ ಫೋಟೊ ತೆಗೆಯಲು ನಿಲ್ಲಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ದಿನಗಳಲ್ಲಿ ಅಳಿವೆಯೊಳಗೆ ನಾಡದೋಣಿ ಮತ್ತು ಬಲೆ ಹೆಚ್ಚು ಎಂದು ಎಣಿಸಿಕೊಂಡೇ ಹೊರಡಿ.

ಹಿಂದಿಕ್ಕುವಾಗ, ಎದುರಾದಾಗ

ಅಂತರರಾಷ್ಟ್ರೀಯ ನಿಯಮಗಳು ಚಿಕ್ಕವು, ಕಲಿತುಬಿಡಿ. ಕಿರಿದಾದ ಕಾಲುವೆಯಲ್ಲಿ ಬಲಬದಿ ಹಿಡಿಯಬೇಕು. ಎದುರುಬದುರಾದ ಎರಡು ಎಂಜಿನ್ ಬೋಟುಗಳು ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬರುವಾಗ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಹಿಂದಿಕ್ಕುವವರೇ ದೂರ ಸರಿಯಬೇಕು. ಬಲೆ ಹಾಕಿ ಮೀನು ಹಿಡಿಯುತ್ತಿರುವ ದೋಣಿಗೆ, ಹಾಯಿ ದೋಣಿಗೆ ಎಂಜಿನ್ ಬೋಟು ದಾರಿ ಬಿಡಬೇಕು. ಹಾರ್ನ್ ಒಂದು ಸಲ ಚಿಕ್ಕದಾಗಿ ಎಂದರೆ ಬಲಕ್ಕೆ ತಿರುಗುತ್ತಿದ್ದೇನೆ, ಎರಡು ಸಲ ಎಂದರೆ ಎಡಕ್ಕೆ, ಮೂರು ಸಲ ಎಂದರೆ ಎಂಜಿನ್ ಹಿಮ್ಮುಖ. ಪಾತಿ ದೋಣಿಯವರಿಗೆ ಹಾರ್ನ್ ಹೊಡೆದು ಪ್ರಯೋಜನ ಕಡಿಮೆ. ಕೈ ಎತ್ತಿ ತೋರಿಸಿ, ಕೂಗಿ ಹೇಳಿ.

ನಿಧಾನ ಹೋಗುವ ಬೋಟನ್ನು ಅಲೆ ಏಳದಂತೆ ಹಿಂದಿಕ್ಕಬೇಕೆಂದರೆ ಇಬ್ಬರೂ ಸಹಕರಿಸಬೇಕು. ಮುಂದಿನವರು 8ರಲ್ಲಿ ಹೋಗುತ್ತಿದ್ದರೆ ಹಿಂದಿನವರು ಅಲೆ ಎಬ್ಬಿಸದೆ ದಾಟುವುದು ಸಾಧ್ಯವೇ ಇಲ್ಲ. ಮುಂದಿನವರು ಐಡಲ್‌ಗೆ ಇಳಿಯಲಿ, ಹಿಂದಿನವರು 6ರಲ್ಲಿ ಪಕ್ಕದಿಂದ ದಾಟಲಿ, ದಾಟಿದವರು ಸಾಕಷ್ಟು ಮುಂದೆ ಹೋದ ಮೇಲೆ ವೇಗ ಹೆಚ್ಚಿಸಲಿ.

ಅಲೆ ನಿಮ್ಮ ಮೇಲೆ ಬಂದಾಗ

ಸಣ್ಣ ದೋಣಿಯಲ್ಲಿದ್ದರೆ ಮೊದಲು ಕೂತುಕೊಳ್ಳಿ. ಮೂತಿಯನ್ನು ಅಲೆಯ ಕಡೆಗೆ ಸ್ವಲ್ಪ ಓರೆಯಾಗಿ, ಸುಮಾರು 30ರಿಂದ 45 ಡಿಗ್ರಿಯಲ್ಲಿ ತಿರುಗಿಸಿ. ಪಕ್ಕ ಕೊಟ್ಟರೆ ಅಂಚಿನಿಂದ ನೀರು ಬರುತ್ತದೆ, ಪೂರ್ತಿ ನೇರ ಕೊಟ್ಟರೆ ಸಣ್ಣ ದೋಣಿಯ ಮೂತಿ ಎರಡನೇ ಅಲೆಗೆ ಕುತ್ತುತ್ತದೆ. ಅಲೆ ಒಂದೇ ಬರುವುದಿಲ್ಲ, ಐದಾರು ಸಾಲಾಗಿ ಬರುತ್ತವೆ. ಹಾಗಾಗಿ ಮೊದಲನೆಯದು ದಾಟಿದ ಕೂಡಲೇ ಏಳಬೇಡಿ. ಹರಿಗೋಲಿನಲ್ಲಿ ಎಲ್ಲರೂ ತಳದಲ್ಲಿ ಕೂತು, ಅಂಚಿಗೆ ಒರಗದೆ, ಹುಟ್ಟನ್ನು ನೀರಲ್ಲೇ ಇಟ್ಟುಕೊಳ್ಳಲಿ.

ಬೇರೆ ಬೋಟಿನ ಅಲೆ ದಾಟುವ ಎಂಜಿನ್ ಬೋಟಿನವರು ವೇಗ ಇಳಿಸಿ, ಓರೆಯಾಗಿ ದಾಟಿ. ಮುಂದಿನ ಸೀಟಿನಲ್ಲಿ ಕೂತವರ ಬೆನ್ನುಮೂಳೆಗೆ ಪೆಟ್ಟಾಗುವುದು ಅಲೆ ಹಾರಿಸಿದಾಗಲೇ. ಅಲೆ ಕಂಡ ಕೂಡಲೇ ಪ್ರಯಾಣಿಕರಿಗೆ ಹಿಡಿದುಕೊಳ್ಳಿ ಎಂದು ಹೇಳಿ.

ಪ್ರವಾಸಿಗಳಾಗಿ ಬೋಟು ಹತ್ತುವವರು ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ನೋಡಿದ ಮೇಲೆ ಚಾಲಕರಿಗೆ ಇನ್ನೊಂದು ಮಾತು ಹೇಳಿ: ದೋಣಿ, ಬಲೆ ಇರುವ ಕಡೆ ನಿಧಾನವಾಗಿ ಹೋಗೋಣ, ನಮಗೆ ಅವಸರವಿಲ್ಲ ಅಂತ. ಎಷ್ಟೋ ಸಲ ಚಾಲಕರು ಎಳೆಯುವುದು ಕೂತವರು ಖುಷಿಪಡಲಿ ಅಂತಲೇ.

ಅಲೆಯಿಂದ ದೋಣಿಗೆ, ಬಲೆಗೆ ಹಾನಿಯಾದರೆ ಬೋಟಿನ ನೋಂದಣಿ ಸಂಖ್ಯೆ, ಸಮಯ, ಜಾಗ, ಆಗ ಭರತವೋ ಇಳಿತವೋ ಎಂಬುದನ್ನು ಅವತ್ತೇ ಬರೆದಿಡಿ. ವಿಡಿಯೊ ತೆಗೆಯುವುದಾದರೆ ಬೋಟು ದಾಟಿದ ಮೇಲೂ ಒಂದು ನಿಮಿಷ ನಿಲ್ಲಿಸಬೇಡಿ, ಅಲೆ ದೋಣಿಗೆ ಬಡಿಯುವುದು ಆಮೇಲೆಯೇ. ಮೊದಲು ಜೆಟ್ಟಿಯಲ್ಲಿ ಆ ಚಾಲಕರನ್ನು ಕಂಡು ಅದನ್ನು ತೋರಿಸಿ. ಹಿಂದೆ ಏನಾಯಿತೆಂದು ಅವರು ನೋಡಿಯೇ ಇರುವುದಿಲ್ಲ.